ಟಗರುಕೊಂಬಿನ ಹ್ಯಾಂಡಲು, ಒರಟು ದಾರಿ: ಒಂದು ಸೈಕಲ್ ವಿನ್ಯಾಸದ ವಿಮರ್ಶೆ

ಸೈಕಲ್ಲನ್ನು ಸರಳ ಯಂತ್ರವೆಂದು ಕರೆಯುವುದು ರೂಢಿ. ಸನ್ನೆ, ರಾಟೆ, ಚಕ್ರ ಮತ್ತು ಅಚ್ಚುಗಳ ಪಾಠ ಮಾಡುವಾಗ ಶಿಕ್ಷಕರು ಶಾಲೆಯ ಅಂಗಳದಲ್ಲಿ ನಿಂತಿರುವ ಸೈಕಲ್ಲಿನತ್ತ ಕೈ ತೋರಿಸುವುದೂ ಉಂಟು. ಆದರೆ ಸರಳ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದಾಗ ದೊರೆಯುವ ಯಂತ್ರವೂ ಸರಳವಾಗಿರಬೇಕೆಂಬ ನಿಯಮವೇನೂ ಇಲ್ಲ. ಒಂದು ಭಾಗವನ್ನು ಬದಲಿಸಿದರೆ ಅದರ ಪರಿಣಾಮ ಇನ್ನೊಂದು ಕಡೆ, ಕೆಲವೊಮ್ಮೆ ಅನಿರೀಕ್ಷಿತವಾಗಿ, ಕಾಣಿಸಿಕೊಳ್ಳುತ್ತದೆ. ಡ್ರಾಪ್ ಬಾರ್ ಅಳವಡಿಸಿದ ಒರಟು ದಾರಿಯ ಪ್ರವಾಸಿ ಸೈಕಲ್ ಇದಕ್ಕೊಂದು ಒಳ್ಳೆಯ ನಿದರ್ಶನ.

ಡ್ರಾಪ್ ಬಾರ್ ಎಂದರೆ ರೇಸ್ ಸೈಕಲ್ಲುಗಳಲ್ಲಿ ಕಾಣುವ, ಟಗರಿನ ಕೊಂಬಿನಂತೆ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿದ ಹ್ಯಾಂಡಲು. ಅದನ್ನು ಹಿಡಿಯಲು ಮೂರು ಜಾಗಗಳಿವೆ: ಮೇಲಿನ ಅಡ್ಡಕೊಳವೆ, ಮುಂದೆ ಬ್ರೇಕ್ ಸನ್ನೆಗಳು ಕೂತಿರುವ ಗುಬುಟು, ಮತ್ತು ಕೆಳಗಿನ ಬಾಗು. ನುಣುಪಾದ ಡಾಂಬರು ರಸ್ತೆಯಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕಾಗಿ ಬೆಳೆದುಬಂದ ಈ ಹ್ಯಾಂಡಲನ್ನು ದಪ್ಪ ಟಯರಿನ, ಸಾಮಾನು ಹೊತ್ತ, ಕಲ್ಲುಮಣ್ಣಿನ ದಾರಿಯ ಸೈಕಲ್ಲಿಗೆ ಏಕೆ ಹಾಕಬೇಕು? ಹಾಕಿದರೆ ಉಳಿದ ಭಾಗಗಳಲ್ಲಿ ಏನೇನು ಬದಲಾಗಬೇಕು? ಈಚಿನ ವರ್ಷಗಳಲ್ಲಿ ಇಂಥ ಸೈಕಲ್ಲುಗಳು ಜನಪ್ರಿಯವಾಗಿವೆ. ಅವುಗಳನ್ನು ಜೋಡಿಸುವ, ಹೊಂದಿಸುವ ಸಲಹೆಗಳೂ ಧಾರಾಳವಾಗಿ ಸಿಗುತ್ತವೆ. ಆ ಸಲಹೆಗಳಲ್ಲಿ ಬಹುಪಾಲು ಅಭಿರುಚಿಯ ಮಾತು, ಅಳತೆಯ ಮಾತು ಕಡಿಮೆ. ಹೈಸ್ಕೂಲು ಮತ್ತು ಪಿಯುಸಿ ಮಟ್ಟದ ಭೌತಶಾಸ್ತ್ರದಿಂದಲೇ ಈ ವಿನ್ಯಾಸವನ್ನು ಪರೀಕ್ಷಿಸಲು ಸಾಧ್ಯವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಎರಡು ಮೂಲಗಳು

ಡ್ರಾಪ್ ಬಾರ್ ಒರಟು ದಾರಿಗೆ ಹೊಸದೇನಲ್ಲ. ಬ್ರಿಟನ್ನಿನಲ್ಲಿ 1955ರಲ್ಲಿ ಸ್ಥಾಪನೆಯಾದ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘದ ಸದಸ್ಯರು ಸಾಮಾನ್ಯ ಪ್ರವಾಸಿ ಸೈಕಲ್ಲುಗಳನ್ನೇ ಬೆಟ್ಟದ ಕಾಲುದಾರಿಗಳಲ್ಲಿ ಓಡಿಸುತ್ತಿದ್ದರು, ಆಗದ ಕಡೆ ಹೆಗಲ ಮೇಲೆ ಹೊರುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶದಲ್ಲಿ ಮೌಂಟನ್ ಬೈಕ್ ರೂಪುಗೊಂಡಾಗ ನೇರ ಹ್ಯಾಂಡಲು ಅದರ ಗುರುತಾಯಿತು. ಅದೇ ಪ್ರದೇಶದ ಚಾರ್ಲಿ ಕನಿಂಗ್‌ಹ್ಯಾಮ್ ಮಾತ್ರ ತಾವು ತಯಾರಿಸಿದ ಅಲ್ಯೂಮಿನಿಯಂ ಸೈಕಲ್ಲುಗಳಿಗೆ ಡ್ರಾಪ್ ಬಾರ್ ಹಾಕಿದರು. ಅವರು ರೇಸ್ ಹ್ಯಾಂಡಲನ್ನು ಹಾಗೆಯೇ ಎತ್ತಿ ತರಲಿಲ್ಲ. ಕೆಳ ಬಾಗುಗಳನ್ನು ಹೊರಕ್ಕೆ ಅಗಲಿಸಿದರು, ಇಡೀ ಹ್ಯಾಂಡಲನ್ನು ಎತ್ತರಕ್ಕೆ ಏರಿಸಿದರು. ಇಳಿಜಾರಿನಲ್ಲಿ ಸವಾರನ ಕೈ ಕೆಳ ಬಾಗಿನಲ್ಲೇ ಇರಬೇಕು ಎಂಬುದು ಅವರ ಲೆಕ್ಕಾಚಾರದ ಆರಂಭಬಿಂದು.

ಇನ್ನೊಂದು ಮೂಲ ಬೇರೆ ಬಗೆಯದು. ಜಾನ್ ಟೊಮ್ಯಾಕ್ ಎಂಬ ಪ್ರಸಿದ್ಧ ಸ್ಪರ್ಧಿ 1990ರ ಋತುವಿನಲ್ಲಿ ಡಾಂಬರು ರಸ್ತೆಯ ರೇಸುಗಳಲ್ಲೂ ಬೆಟ್ಟದ ರೇಸುಗಳಲ್ಲೂ ಭಾಗವಹಿಸುತ್ತಿದ್ದರು. ಎರಡೂ ಸೈಕಲ್ಲುಗಳ ಮೇಲೆ ದೇಹದ ಭಂಗಿ ಒಂದೇ ಆಗಿರಲೆಂದು ತಮ್ಮ ಮೌಂಟನ್ ಬೈಕಿಗೂ ಡ್ರಾಪ್ ಬಾರ್ ಹಾಕಿಸಿಕೊಂಡರು. ಆ ಚಿತ್ರಗಳು ಇಂದಿಗೂ ಜನಪ್ರಿಯ. ಆದರೆ ಮುಂದಿನ ವರ್ಷ ಅವರು ವಿಶ್ವ ಚಾಂಪಿಯನ್ ಆಗುವ ವೇಳೆಗೆ ನೇರ ಹ್ಯಾಂಡಲಿಗೆ ಮರಳಿದ್ದರು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕನಿಂಗ್‌ಹ್ಯಾಮ್ ದಾರಿಯಿಂದ ಹೊರಟು ಹ್ಯಾಂಡಲಿಗೆ ಬಂದರು. ಟೊಮ್ಯಾಕ್ ದೇಹದ ಅಭ್ಯಾಸದಿಂದ ಹೊರಟು ಹ್ಯಾಂಡಲಿಗೆ ಬಂದರು. ಎರಡನೆಯದು ಒಬ್ಬ ಅಸಾಧಾರಣ ಸವಾರನ ಒಂದು ವರ್ಷದ ಅಗತ್ಯಕ್ಕೆ ಸರಿಯಾದ ಉತ್ತರ, ನಿಜ. ಎಲ್ಲರಿಗೂ ಅನ್ವಯಿಸುವ ವಿನ್ಯಾಸ ಸೂತ್ರ ಅದಲ್ಲ. ಇಂದಿನ ಅನೇಕ ಜೋಡಣೆಗಳು ಹೆಸರಿಗೆ ಕನಿಂಗ್‌ಹ್ಯಾಮ್ ಪರಂಪರೆಯವಾದರೂ ವಾಸ್ತವದಲ್ಲಿ ಟೊಮ್ಯಾಕ್ ಚಿತ್ರದ ಅನುಕರಣೆಗಳು.

ಅಮೆರಿಕದ ಸಾಲ್ಸಾ ಕಂಪನಿ 2008ರಲ್ಲಿ ಹೊರತಂದ ಫಾರ್ಗೋ ಎಂಬ ಮಾದರಿಯ ಮಹತ್ವ ಇಲ್ಲಿದೆ. ರಾಕಿ ಪರ್ವತಶ್ರೇಣಿಯ ಉದ್ದಕ್ಕೂ ಸಾಗುವ, 4,000 ಕಿಲೋಮೀಟರಿಗೂ ಮಿಕ್ಕಿದ, ಬಹುಪಾಲು ಡಾಂಬರು ಕಾಣದ ಗ್ರೇಟ್ ಡಿವೈಡ್ ಮಾರ್ಗದಂಥ ದಾರಿಗಳಲ್ಲಿ ವಾರಗಟ್ಟಲೆ ಪ್ರವಾಸ ಮಾಡುವವರಿಗೆ ಒಪ್ಪುವ ಸೈಕಲ್ ಅದು. ಉಕ್ಕಿನ ಫ್ರೇಮು, 622 ಮಿಮೀ ರಿಮ್ಮಿನ ದೊಡ್ಡ ಚಕ್ರ, ದಪ್ಪ ಟಯರು, ನೀರಿನ ಬಾಟಲಿಗಳಿಗೆ ಹಲವು ಜಾಗ, ಜೊತೆಗೆ ಡ್ರಾಪ್ ಬಾರ್. ಈ ಭಾಗಗಳಲ್ಲಿ ಯಾವುದೂ ಹೊಸದಲ್ಲ. ಕೆಲಸದ ಕ್ರಮ ಹೊಸದು. ಮೌಂಟನ್ ಬೈಕಿನ ಫ್ರೇಮಿಗೆ ಡ್ರಾಪ್ ಬಾರ್ ತುರುಕುವ ಬದಲು, ಡ್ರಾಪ್ ಬಾರ್ ಇರುತ್ತದೆಂದು ಮೊದಲೇ ನಿಶ್ಚಯಿಸಿ ಆಮೇಲೆ ಫ್ರೇಮಿನ ಅಳತೆಗಳನ್ನು ಹಾಕಲಾಯಿತು. ಇದೇಕೆ ಮುಖ್ಯವೆಂಬುದನ್ನು ಈಗ ನೋಡೋಣ.

ಕೈ ಎಲ್ಲಿರಬೇಕು?

ನೇರ ಹ್ಯಾಂಡಲಿನಲ್ಲಿ ಕೈಗಳು, ಹ್ಯಾಂಡಲನ್ನು ಬಿಗಿಹಿಡಿದಿರುವ ಸ್ಟೆಮ್ಮಿನ ತುದಿಗೆ ಹೆಚ್ಚುಕಡಿಮೆ ಸಮನಾಗಿ, ಅಥವಾ ತುಸು ಹಿಂದೆ ಇರುತ್ತವೆ. ಡ್ರಾಪ್ ಬಾರಿನಲ್ಲಿ ಗುಬುಟುಗಳನ್ನು ಹಿಡಿದಾಗ ಕೈಗಳು ಸುಮಾರು 10 ಸೆಂಮೀ ಮುಂದೆ ಹೋಗುತ್ತವೆ. ಕೆಳ ಬಾಗು ಹಿಡಿದರೆ ಕೈಗಳು ತುಸು ಹಿಂದೆ ಬಂದರೂ 11ರಿಂದ 12 ಸೆಂಮೀ ಕೆಳಗಿಳಿಯುತ್ತವೆ. ಮೌಂಟನ್ ಬೈಕಿನ ಫ್ರೇಮಿನಲ್ಲಿ ಹ್ಯಾಂಡಲು ಮಾತ್ರ ಬದಲಿಸಿದರೆ ಸವಾರ ಮುಂದಕ್ಕೂ ಕೆಳಕ್ಕೂ ಚಾಚಿಕೊಳ್ಳಬೇಕಾಗುತ್ತದೆ. ಸ್ಟೆಮ್ಮನ್ನು ಮೋಟಾಗಿಸಿ ಇದನ್ನು ಸರಿಪಡಿಸಬಹುದೆಂಬ ಸಲಹೆ ಸಾಮಾನ್ಯ. ಆದರೆ ಮೊದಲೇ 8 ಸೆಂಮೀ ಇರುವ ಸ್ಟೆಮ್ಮಿನಿಂದ 10 ಸೆಂಮೀ ಕಳೆಯುವುದು ಹೇಗೆ? ಉತ್ತರ ಫ್ರೇಮಿನಲ್ಲೇ ಇರಬೇಕು: ಮೇಲಿನ ಕೊಳವೆ ಗಿಡ್ಡವಾಗಬೇಕು, ಮುಂದಿನ ಹೆಡ್ ಕೊಳವೆ ಎತ್ತರವಾಗಬೇಕು.

ಎಷ್ಟು ಎತ್ತರ ಎಂಬುದು ನಿಜವಾದ ಪ್ರಶ್ನೆ. ರಸ್ತೆ ರೇಸಿನಲ್ಲಿ ಗುಬುಟು ಸವಾರನ ಮನೆಯಿದ್ದಂತೆ. ಕೆಳ ಬಾಗಿಗೆ ಆತ ಆಗೀಗ ಹೋಗಿಬರುತ್ತಾನೆ. ಒರಟು ದಾರಿಯಲ್ಲಿ ಇದು ತಿರುಗುಮುರುಗಾಗಬೇಕು. ಕಾರಣಗಳು ಮೂರು. ಒಂದು, ಕೆಳ ಬಾಗಿನಲ್ಲಿ ಬೆರಳುಗಳು ಕೊಳವೆಯನ್ನು ಕೊಕ್ಕೆಯಂತೆ ಸುತ್ತುವರಿಯುವುದರಿಂದ ಕುಲುಕಾಟದಲ್ಲಿ ಕೈ ಜಾರುವುದಿಲ್ಲ. ಎರಡು, ಬ್ರೇಕ್ ಸನ್ನೆಯ ತಿರುಗುಬಿಂದು ಮೇಲ್ಗಡೆ ಇರುತ್ತದೆ. ಗುಬುಟಿನಿಂದ ಬ್ರೇಕು ಒತ್ತುವಾಗ ಬೆರಳು ತಿರುಗುಬಿಂದುವಿನಿಂದ ಸುಮಾರು 4 ಸೆಂಮೀ ದೂರದಲ್ಲಿದ್ದರೆ, ಕೆಳ ಬಾಗಿನಿಂದ ಒತ್ತುವಾಗ 8 ಸೆಂಮೀ ದೂರದಲ್ಲಿರುತ್ತದೆ ಎನ್ನೋಣ. ಬೆರಳಿನ ಬಲ ಅಷ್ಟೇ ಇದ್ದರೂ ಫಲ ಇಮ್ಮಡಿ. ಮೂರು, ಕೆಳ ಬಾಗಿನಲ್ಲಿ ಎರಡು ಅಂಗೈಗಳೂ, ಎರಡು ಕೈಯಲ್ಲಿ ಕೊಡಪಾನ ಎತ್ತಿದಾಗ ಇರುವಂತೆ, ಒಂದನ್ನೊಂದು ನೋಡುತ್ತಿರುತ್ತವೆ, ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ದೀರ್ಘ ಪ್ರವಾಸ ಮಾಡುವವರಲ್ಲಿ ಅಂಗೈಯ ಕಿರುಬೆರಳಿನ ಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಡಕ್ಕೆ ಸಿಕ್ಕಿ ಬೆರಳುಗಳು ಮರಗಟ್ಟುವ ತೊಂದರೆ ವೈದ್ಯರಿಗೆ ಚೆನ್ನಾಗಿ ಗೊತ್ತು. ಒಂದೇ ಹಿಡಿತದಲ್ಲಿ ಗಂಟೆಗಟ್ಟಲೆ ಇರದೆ ಮೂರು ಜಾಗಗಳಲ್ಲಿ ಕೈ ಬದಲಿಸುವ ಅವಕಾಶವೇ ಈ ಹ್ಯಾಂಡಲಿನ ಅತಿ ದೊಡ್ಡ ಲಾಭ. ಆ ಮೂರರಲ್ಲಿ ಒಂದು ನಿಲುಕದಷ್ಟು ಕೆಳಗಿದ್ದರೆ ಲಾಭದ ಮೂರನೆಯ ಒಂದು ಪಾಲು ಹೋದಂತೆಯೇ.

ಆದ್ದರಿಂದ ಇಂಥ ಸೈಕಲ್ಲಿಗೆ ಮೊದಲ ಪರೀಕ್ಷೆ ಇದು: ಸವಾರ ಕಲ್ಲಿನ ಇಳಿಜಾರಿನಲ್ಲಿ ತಾನಾಗಿಯೇ ಕೆಳ ಬಾಗನ್ನು ಹಿಡಿಯುತ್ತಾನೆಯೇ? ಹಿಡಿಯದಿದ್ದರೆ ಆ ಹ್ಯಾಂಡಲು ಬರೀ ಅಲಂಕಾರ. ಕೆಳ ಬಾಗು ಸೀಟಿನ ಮಟ್ಟದ ಆಸುಪಾಸಿನಲ್ಲಿರಬೇಕಾದರೆ ಅಡ್ಡಕೊಳವೆ ಸೀಟಿಗಿಂತ ಸುಮಾರು 11 ಸೆಂಮೀ ಮೇಲಿರಬೇಕು. ಹೀಗೆ ಹೊಂದಿಸಿದ ಸೈಕಲ್ಲು ಚಿತ್ರದಲ್ಲಿ ಚೆಲುವಾಗಿ ಕಾಣುವುದಿಲ್ಲ. ಬಹುಶಃ ಅದಕ್ಕೇ ಹೀಗೆ ಹೊಂದಿಸುವವರು ಕಡಿಮೆ.

ಅಗಲದ ಲೆಕ್ಕವನ್ನೂ ಮರೆಯುವಂತಿಲ್ಲ. 70 ಸೆಂಮೀ ಅಗಲದ ನೇರ ಹ್ಯಾಂಡಲಿನಲ್ಲಿ ಕೈ ಮಧ್ಯದಿಂದ 35 ಸೆಂಮೀ ದೂರದಲ್ಲಿರುತ್ತದೆ. 44 ಸೆಂಮೀ ಡ್ರಾಪ್ ಬಾರಿನಲ್ಲಿ 22 ಸೆಂಮೀ. ಕಲ್ಲಿಗೆ ತಾಗಿ ಮುಂಚಕ್ರ ತಿರುಗಿದರೆ ಅದನ್ನು ತಡೆಯಲು ಕಿರಿದಾದ ಹ್ಯಾಂಡಲಿನಲ್ಲಿ ಸುಮಾರು 1.6 ಪಟ್ಟು ಬಲ ಬೇಕು. ಕೆಳ ಬಾಗುಗಳನ್ನು ಹೊರಕ್ಕೆ ಅಗಲಿಸಿ ತುದಿಗಳ ಅಂತರವನ್ನು 56 ಸೆಂಮೀ ಮಾಡಿದರೆ ಈ ಅನುಪಾತ 1.25ಕ್ಕೆ ಇಳಿಯುತ್ತದೆ. ಕನಿಂಗ್‌ಹ್ಯಾಮ್ ಬಾಗುಗಳನ್ನು ಅಗಲಿಸಿದ್ದರ ಪ್ರಯೋಜನ ಈ ಸಣ್ಣ ಭಾಗಾಕಾರದಲ್ಲಿ ಕಾಣುತ್ತದೆ.

ಚುಕ್ಕಾಣಿಯ ಜ್ಯಾಮಿತಿ

ಸೈಕಲ್ಲಿನ ಹೆಡ್ ಕೊಳವೆ ಲಂಬವಾಗಿರದೆ ಹಿಂದಕ್ಕೆ ವಾಲಿರುತ್ತದೆ. ಅದರ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು, ಟಯರು ನೆಲವನ್ನು ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಇದನ್ನು ಲೆಕ್ಕ ಹಾಕುವ ವಿಧಾನ: ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನಿನಿಂದ ಗುಣಿಸಿ, ಅದರಿಂದ ಫೋರ್ಕಿನ ಮುಂಚಾಚನ್ನು ಕಳೆದು, ಬಂದದ್ದನ್ನು ಅದೇ ಕೋನದ ಸೈನಿನಿಂದ ಭಾಗಿಸಬೇಕು. 73 ಡಿಗ್ರಿ ಕೋನ, 340 ಮಿಮೀ ತ್ರಿಜ್ಯ, 45 ಮಿಮೀ ಮುಂಚಾಚು ಇರುವ ರಸ್ತೆ ಸೈಕಲ್ಲಿಗೆ ಟ್ರೇಲ್ ಸುಮಾರು 57 ಮಿಮೀ. 70 ಡಿಗ್ರಿ ಕೋನ, 365 ಮಿಮೀ ತ್ರಿಜ್ಯ, ಅದೇ ಮುಂಚಾಚು ಇರುವ ದಪ್ಪ ಟಯರಿನ ಸೈಕಲ್ಲಿಗೆ ಸುಮಾರು 85 ಮಿಮೀ.

ಟ್ರೇಲ್ ಹೆಚ್ಚಿದಷ್ಟೂ ಸೈಕಲ್ಲು ಸ್ಥಿರ ಎಂದು ಮಾರಾಟದ ಕೈಪಿಡಿಗಳು ಹೇಳುತ್ತವೆ. ವಿಷಯ ಅಷ್ಟು ಸರಳವಲ್ಲ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಬೇಕೆಂದೇ ವಿಚಿತ್ರ ಸೈಕಲ್ಲುಗಳನ್ನು ತಯಾರಿಸಿ ಓಡಿಸಿ, ಚಕ್ರಗಳ ಗೈರೋಸ್ಕೋಪ್ ಪರಿಣಾಮಕ್ಕಿಂತ ಟ್ರೇಲ್ ಮುಖ್ಯವೆಂದು ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ವಾದಿಸಿದರು. 2011ರಲ್ಲಿ ಕೋಯ್‌ಮನ್, ಮೈಯಾರ್ಡ್, ಪಪಡೋಪೌಲೋಸ್, ರೂಯಿನಾ ಮತ್ತು ಶ್ವಾಬ್ ಎಂಬ ಐವರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋದರು. ಗೈರೋಸ್ಕೋಪ್ ಪರಿಣಾಮವನ್ನು ರದ್ದುಗೊಳಿಸಿ, ಟ್ರೇಲನ್ನು ಸೊನ್ನೆಗಿಂತಲೂ ತುಸು ಕಡಿಮೆ ಮಾಡಿದರೂ ಸವಾರನಿಲ್ಲದೆ ಬೀಳದೆ ಓಡುವ ಸೈಕಲ್ ಮಾದರಿಯೊಂದನ್ನು ಮಾಡಿ ತೋರಿಸಿದರು. ಚುಕ್ಕಾಣಿ ಭಾಗದ ದ್ರವ್ಯರಾಶಿ ಎಲ್ಲಿ ಕೂತಿದೆ ಎಂಬುದೂ ಸ್ಥಿರತೆಯನ್ನು ನಿರ್ಧರಿಸುತ್ತದೆಂದು ಇದರಿಂದ ತಿಳಿಯಿತು.

ಪ್ರವಾಸಿಗೆ ಇದರ ಅರ್ಥವೇನು? ಹ್ಯಾಂಡಲಿಗೆ ನಾಲ್ಕು ಕಿಲೋ ಚೀಲ ಕಟ್ಟಿದ ಕ್ಷಣವೇ ಕಂಪನಿ ಪ್ರಕಟಿಸಿದ ಜ್ಯಾಮಿತಿಯ ಕೋಷ್ಟಕ ಅರ್ಧ ಕಥೆಯಾಗುತ್ತದೆ. ಜೊತೆಗೆ, ವಾಲಿದ ಹೆಡ್ ಕೋನದ ಸೈಕಲ್ಲಿನಲ್ಲಿ ನಿಧಾನವಾಗಿ ದಿಣ್ಣೆ ಹತ್ತುವಾಗ ಮುಂಚಕ್ರ ಪಕ್ಕಕ್ಕೆ ಹೊರಳಿಬೀಳಲು ನೋಡುತ್ತದೆ. ಈ ಪ್ರವೃತ್ತಿಯ ಅಳತೆ ಟ್ರೇಲನ್ನು ಕೋನದ ಸೈನ್ ಮತ್ತು ಕೊಸೈನ್‌ಗಳಿಂದ ಗುಣಿಸಿದರೆ ಸಿಗುತ್ತದೆ. ಮೇಲಿನ ಎರಡು ಸೈಕಲ್ಲುಗಳಿಗೆ ಅದು ಕ್ರಮವಾಗಿ 16 ಮಿಮೀ ಮತ್ತು 27 ಮಿಮೀ. ಕಿರಿದಾದ ಹ್ಯಾಂಡಲು, ವಾಲಿದ ಕೋನ, ಮುಂದೆ ಭಾರ, ಈ ಮೂರೂ ಕೂಡಿದರೆ ಏರಿನಲ್ಲಿ ಸವಾರನ ತೋಳು ಸೋಲುತ್ತದೆ. ಭಾರವಾದ ಸಾಮಾನನ್ನು ಫ್ರೇಮಿನ ತ್ರಿಕೋನದೊಳಗೆ, ತಗ್ಗಿನಲ್ಲಿ ಇಡುವುದು ಹೊಸ ಸ್ಟೆಮ್ ಕೊಳ್ಳುವುದಕ್ಕಿಂತ ಉತ್ತಮ ಪರಿಹಾರ. ಅದಕ್ಕೆ ಖರ್ಚೂ ಇಲ್ಲ.

ಎತ್ತರ ಕಡಿಮೆಯಿರುವ ಸವಾರರ ವಿಷಯದಲ್ಲಿ ಈ ವಿನ್ಯಾಸದ ಮೇಲೆ ನಿಜವಾದ ಆಕ್ಷೇಪವಿದೆ. ಚಕ್ರದ ತ್ರಿಜ್ಯ 365, ಪೆಡಲಿನ ದಂಡ 170, ಪೆಡಲಿನ ಅಚ್ಚಿನಿಂದ ಪಾದದ ತುದಿಗೆ ಸುಮಾರು 105. ಒಟ್ಟು 640 ಮಿಮೀ. ಪೆಡಲ್ ಅಚ್ಚಿನಿಂದ ಮುಂಚಕ್ರದ ಅಚ್ಚಿಗೆ ಇಷ್ಟು ದೂರವಿಲ್ಲದಿದ್ದರೆ ತಿರುವಿನಲ್ಲಿ ಪಾದ ಟಯರಿಗೆ ತಾಗುತ್ತದೆ. ಗಿಡ್ಡ ಸವಾರರಿಗೆ ಫ್ರೇಮನ್ನು ಗಿಡ್ಡ ಮಾಡಬೇಕು, ಡ್ರಾಪ್ ಬಾರಿಗಾಗಿ ಇನ್ನಷ್ಟು ಗಿಡ್ಡ ಮಾಡಬೇಕು. ಆದರೆ ದೊಡ್ಡ ಚಕ್ರ ಅದಕ್ಕೆ ಬಿಡುವುದಿಲ್ಲ. ರಿಮ್ಮನ್ನು 584 ಮಿಮೀಗೆ ಇಳಿಸಿದರೆ ತ್ರಿಜ್ಯದಲ್ಲಿ 19 ಮಿಮೀ ಉಳಿಯುತ್ತದೆ. ಎಲ್ಲ ಎತ್ತರದವರಿಗೂ ಒಂದೇ ಚಕ್ರ ಎಂಬ ನಿಲುವು ತಯಾರಕರಿಗೆ ಅನುಕೂಲ, ಗಿಡ್ಡ ಸವಾರರಿಗೆ ಅನನುಕೂಲ.

ಗಟ್ಟಿಯಾದ ಸನ್ನೆ, ದುರ್ಬಲ ಬ್ರೇಕು

ಜೋಡಣೆಯಲ್ಲಿ ಪ್ರಾಣಾಪಾಯ ತರಬಲ್ಲ ಭಾಗ ಬ್ರೇಕು. ಸವಾರ, ಸೈಕಲ್ಲು, ಸಾಮಾನು ಸೇರಿ 105 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಹತ್ತು ಮೀಟರು ಇಳಿಯುವ ದಾರಿಯಲ್ಲಿ ಗಂಟೆಗೆ 20 ಕಿಮೀ ವೇಗವನ್ನು ಕಾಯ್ದುಕೊಳ್ಳಬೇಕಾದರೆ, ಗಾಳಿಯ ತಡೆ ಮತ್ತು ಉರುಳು ಘರ್ಷಣೆ ಕಳೆದು, 400 ವಾಟಿಗೂ ಹೆಚ್ಚು ಸಾಮರ್ಥ್ಯವನ್ನು ಬ್ರೇಕುಗಳು ಶಾಖವಾಗಿ ಹೊರಹಾಕಬೇಕು.

ಬ್ರೇಕಿನ ಸನ್ನೆ ತಂತಿಯನ್ನು ಎಳೆಯುತ್ತದೆ. ತಂತಿ ಬ್ರೇಕಿನ ತೋಳನ್ನು ಎಳೆಯುತ್ತದೆ. ಕೈ ಮಾಡುವ ಕೆಲಸ ಬಲ ಮತ್ತು ಚಲನೆಗಳ ಗುಣಲಬ್ಧ. ತಂತಿ ಹೆಚ್ಚು ಸರಿದರೆ ಅದರಲ್ಲಿರುವ ಬಲ ಕಡಿಮೆ, ಕಡಿಮೆ ಸರಿದರೆ ಬಲ ಹೆಚ್ಚು. ಮೌಂಟನ್ ಬೈಕಿನ ಉದ್ದ ತೋಳಿನ ವಿ-ಬ್ರೇಕಿಗೆ ಡ್ರಾಪ್ ಬಾರಿನ ಸಾಮಾನ್ಯ ಸನ್ನೆ ಎಳೆಯುವುದಕ್ಕಿಂತ ಸುಮಾರು ಎರಡು ಪಟ್ಟು ತಂತಿ ಸರಿಯಬೇಕು. ಈ ಎರಡನ್ನೂ ಬೆರೆಸಿದರೆ ಏನಾಗುತ್ತದೆ? ಬಲಕ್ಕೇನೂ ಕೊರತೆಯಿಲ್ಲ, ಆದರೆ ಚಲನೆ ಸಾಲದು. ರಬ್ಬರು ಕಟ್ಟೆಗಳನ್ನು ರಿಮ್ಮಿಗೆ ಬಹಳ ಹತ್ತಿರ ಇಡಬೇಕಾಗುತ್ತದೆ. ಅವು ಸ್ವಲ್ಪ ಸವೆದರೂ ಸನ್ನೆ ಹ್ಯಾಂಡಲಿಗೆ ಬಂದು ತಾಗುತ್ತದೆ, ಸೈಕಲ್ಲು ನಿಲ್ಲುವುದಿಲ್ಲ.

ವಿರುದ್ಧ ಬಗೆಯ ಬೆರಕೆ ಇನ್ನೂ ಮೋಸದ್ದು. ಹೆಚ್ಚು ತಂತಿ ಎಳೆಯುವ ಸನ್ನೆಯನ್ನು ಕಡಿಮೆ ತಂತಿ ಬೇಡುವ ಬ್ರೇಕಿಗೆ ಜೋಡಿಸಿದರೆ ಸನ್ನೆ ಕೈಗೆ ಕಲ್ಲಿನಂತೆ ಗಟ್ಟಿಯಾಗಿ ಸಿಗುತ್ತದೆ. ಸವಾರ ಇದನ್ನು ಒಳ್ಳೆಯ ಬ್ರೇಕೆಂದು ಭಾವಿಸುತ್ತಾನೆ. ಯಾಂತ್ರಿಕ ಲಾಭ ಕಡಿಮೆಯಾದ್ದರಿಂದಲೇ ಅದು ಗಟ್ಟಿಯಾಗಿದೆ, ರಿಮ್ಮಿನ ಮೇಲೆ ಬೀಳುವ ಬಲ ನಿಜಕ್ಕೂ ಕಡಿಮೆ. ಕೈಗೆ ಆಗುವ ಅನುಭವ ಮತ್ತು ಯಂತ್ರದ ಸ್ಥಿತಿ ಹೀಗೆ ಪರಸ್ಪರ ವಿರುದ್ಧವಾಗಿರಬಹುದೆಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. ತಂತಿ ಎಳೆಯುವ ಡಿಸ್ಕ್ ಬ್ರೇಕುಗಳಲ್ಲೂ ರಸ್ತೆ ಸನ್ನೆಗೆ ಒಂದು, ಮೌಂಟನ್ ಸನ್ನೆಗೆ ಒಂದು ಎಂದು ಎರಡು ಬಗೆಗಳಿವೆ. ಹೊರನೋಟಕ್ಕೆ ಅವು ಒಂದೇ ತೆರ. ಹೊಂದಾಣಿಕೆಯನ್ನು ಕಣ್ಣಿನಿಂದ ನಿರ್ಧರಿಸದೆ, ಸ್ಕೇಲು ಹಿಡಿದು ಸನ್ನೆ ಎಷ್ಟು ಮಿಮೀ ತಂತಿ ಎಳೆಯುತ್ತದೆಂದು ಅಳೆಯಬೇಕು. ಎರಡು ನಿಮಿಷದ ಕೆಲಸ.

ಗೇರಿನ ಲೆಕ್ಕ

ಅದೇ 105 ಕಿಲೋ ಭಾರವನ್ನು ಅದೇ ದಿಣ್ಣೆಯ ಮೇಲೆ ಹತ್ತಿಸೋಣ. ಗುರುತ್ವದ ವಿರುದ್ಧ 102 ನ್ಯೂಟನ್, ಉರುಳು ಘರ್ಷಣೆಯ ಗುಣಾಂಕ 0.015 ಎಂದರೆ ಅದಕ್ಕೆ 15 ನ್ಯೂಟನ್, ಒಟ್ಟು ಸುಮಾರು 118 ನ್ಯೂಟನ್ ಬಲ ಬೇಕು. ಸವಾರ 150 ವಾಟ್ ಸಾಮರ್ಥ್ಯ ಒದಗಿಸಿದರೆ ವೇಗ ಸೆಕೆಂಡಿಗೆ 1.27 ಮೀಟರು, ಅಂದರೆ ಗಂಟೆಗೆ 4.6 ಕಿಮೀ. ನಡಿಗೆಯ ವೇಗ! ಚಕ್ರದ ಸುತ್ತಳತೆ 2.29 ಮೀಟರು. ಮುಂದೆ 34, ಹಿಂದೆ 32 ಹಲ್ಲುಗಳ ರಸ್ತೆ ಗೇರಿನಲ್ಲಿ ಪೆಡಲು ನಿಮಿಷಕ್ಕೆ 31 ಸುತ್ತು ಮಾತ್ರ ತಿರುಗುತ್ತದೆ, ಪೆಡಲಿನ ಮೇಲೆ ಸರಾಸರಿ 270 ನ್ಯೂಟನ್ ಬಲ ಬೀಳುತ್ತದೆ. ಮುಂದೆ 22, ಹಿಂದೆ 36 ಹಲ್ಲುಗಳ ಮೌಂಟನ್ ಗೇರಿನಲ್ಲಿ 54 ಸುತ್ತು, ಸುಮಾರು 155 ನ್ಯೂಟನ್. ಸಾಮರ್ಥ್ಯ ಎರಡರಲ್ಲೂ ಒಂದೇ. ದಿನವಿಡೀ ಹತ್ತಬೇಕಾದ ಮೊಣಕಾಲಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಮೌಂಟನ್ ಗೇರನ್ನು ಡ್ರಾಪ್ ಬಾರಿನ ಸನ್ನೆಯಿಂದ ನಡೆಸುವುದು ಸುಲಭವಾಗಿರಬೇಕಿತ್ತು. ಒಂಬತ್ತು ಹಲ್ಲುಚಕ್ರಗಳ ಕಾಲದಲ್ಲಿ ಶಿಮಾನೋ ಕಂಪನಿಯ ರಸ್ತೆ ಮತ್ತು ಮೌಂಟನ್ ಭಾಗಗಳು ಹಿಂದಿನ ಗೇರಿನ ಮಟ್ಟಿಗೆ ಪರಸ್ಪರ ಹೊಂದುತ್ತಿದ್ದವು: ತಂತಿ 1 ಮಿಮೀ ಸರಿದರೆ ಚೈನು ಸುಮಾರು 1.7 ಮಿಮೀ ಸರಿಯುತ್ತಿತ್ತು. 2010ರ ವೇಳೆಗೆ ಹತ್ತು ಹಲ್ಲುಚಕ್ರಗಳ ಮೌಂಟನ್ ಗೇರಿನಲ್ಲಿ ಈ ಅನುಪಾತವನ್ನು 1.2ಕ್ಕೆ ಇಳಿಸಲಾಯಿತು. ಕೆಸರಿನಲ್ಲಿ ತಂತಿಯ ಸಣ್ಣ ದೋಷ ಗೇರನ್ನು ಕೆಡಿಸಬಾರದೆಂಬ ದೃಷ್ಟಿಯಿಂದ ಇದು ಸಮರ್ಥನೀಯ. ಆದರೆ ಒಮ್ಮೆ ಒತ್ತಿದರೆ 2.3 ಮಿಮೀ ತಂತಿ ಎಳೆಯುವ ರಸ್ತೆ ಸನ್ನೆ ಈಗ ಚೈನನ್ನು 2.8 ಮಿಮೀ ಮಾತ್ರ ಸರಿಸುತ್ತದೆ. ಹಲ್ಲುಚಕ್ರಗಳ ನಡುವಣ ಅಂತರ 3.95 ಮಿಮೀ. ಈ ಕಂದಕ ತುಂಬಲು ಎರಡು ಬೇರೆ ಬೇರೆ ತ್ರಿಜ್ಯದ ಪುಟ್ಟ ರಾಟೆಗಳನ್ನು ತಂತಿಯ ಮಧ್ಯೆ ಸೇರಿಸುವ ಸಾಧನಗಳು ಮಾರುಕಟ್ಟೆಗೆ ಬಂದವು. ಜಾಣ ಪರಿಹಾರವೇನೋ ಹೌದು, ಆದರೆ ಊರಿಂದ ನೂರು ಕಿಮೀ ದೂರದಲ್ಲಿ ಕೆಡಬಹುದಾದ ಇನ್ನೊಂದು ಭಾಗ ಸೇರಿತು. 2019ರಲ್ಲಿ ಅದೇ ಕಂಪನಿ ಮಣ್ಣುದಾರಿಗೆಂದೇ ಜಿಆರ್‌ಎಕ್ಸ್ ಭಾಗಗಳನ್ನು ತಂದಿತು. ಆಗಿನ ಜೋಡಣೆಯಲ್ಲಿ ಮುಂದೆ 30, ಹಿಂದೆ 34 ಹಲ್ಲುಗಳನ್ನು ಹಿಡಿದರೂ ನಮ್ಮ ದಿಣ್ಣೆಯಲ್ಲಿ ಪೆಡಲು ತಿರುಗುವುದು ನಿಮಿಷಕ್ಕೆ 38 ಸುತ್ತು. ಸಾಮಾನಿಲ್ಲದ ಸವಾರಿಗೆ ಸಾಕು, ಪ್ರವಾಸಕ್ಕೆ ಸಾಲದು. ಹನ್ನೆರಡು ಹಲ್ಲುಚಕ್ರಗಳ ಈಚಿನ ಜೋಡಣೆಗಳಲ್ಲಿ ಹಿಂದಿನ ಹಲ್ಲುಗಳ ಸಂಖ್ಯೆ 51ರವರೆಗೆ ಹೋಗಿರುವುದರಿಂದ ಈ ಕೊರತೆ ಬಹುಮಟ್ಟಿಗೆ ನೀಗಿದೆ. ಆದರೂ ಹ್ಯಾಂಡಲಿನ ತುದಿಗೆ ಹಾಕುವ, ಹೆಜ್ಜೆಗಳಿಲ್ಲದೆ ಘರ್ಷಣೆಯಿಂದಲೇ ನಿಲ್ಲುವ ಹಳೆಯ ಬಗೆಯ ಗೇರು ಸನ್ನೆಗೆ ಯಾವ ಅನುಪಾತದ ಹಂಗೂ ಇಲ್ಲ ಎಂಬುದನ್ನು ಮರೆಯಬಾರದು.

ಗಾಳಿಯೇ ಸ್ಪ್ರಿಂಗು

ಉಕ್ಕಿನ ಫ್ರೇಮು ಕುಲುಕಾಟವನ್ನು ಹೀರಿಕೊಳ್ಳುತ್ತದೆ ಎಂಬ ಮಾತು ಎಷ್ಟು ಸಲ ಕೇಳಿಬಂದರೂ ಅದಕ್ಕೆ ಬಲವಿಲ್ಲ. ತ್ರಿಕೋನಗಳಿಂದಾದ ಫ್ರೇಮು ಸೇತುವೆಯ ಕಮಾನುಗಳಂತೆ ಲಂಬ ದಿಕ್ಕಿನಲ್ಲಿ ಬಹಳ ಗಡಸು. ದಪ್ಪ ಟಯರು ಸವಾರನ ಭಾರಕ್ಕೇ ಹಲವು ಮಿಲಿಮೀಟರು ತಗ್ಗುತ್ತದೆ. ಒರಟು ದಾರಿಯಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಮುಖ್ಯವಾಗಿ ಟಯರಿನೊಳಗಿನ ಗಾಳಿ, ನಂತರ ಸವಾರನ ಮೊಣಕೈ ಮೊಣಕಾಲು.

ಭಾರದಿಂದ ಸ್ಪ್ರಿಂಗು ಎಷ್ಟು ತಗ್ಗುತ್ತದೆಂಬುದು ಗೊತ್ತಾದರೆ ಅದರ ಸಹಜ ಆವೃತ್ತಿ ಗೊತ್ತಾಗುತ್ತದೆ: ಗುರುತ್ವ ವೇಗೋತ್ಕರ್ಷವನ್ನು ತಗ್ಗಿನಿಂದ ಭಾಗಿಸಿ, ವರ್ಗಮೂಲ ತೆಗೆದು, 2π ಇಂದ ಭಾಗಿಸಬೇಕು. ಟಯರು 3 ಮಿಮೀ ತಗ್ಗಿದರೆ ಆವೃತ್ತಿ ಸುಮಾರು 9 ಹರ್ಟ್ಸ್. 8 ಮಿಮೀ ತಗ್ಗಿದರೆ 5.6 ಹರ್ಟ್ಸ್. ಟಯರು ಆದರ್ಶ ಸ್ಪ್ರಿಂಗಲ್ಲವಾದ್ದರಿಂದ ಇದು ಅಂದಾಜು ಮಾತ್ರ. ವಾಹನ ಸಂಚಾರದಿಂದ ಮಣ್ಣುದಾರಿಯಲ್ಲಿ ಸಿಮೆಂಟು ಶೀಟಿನ ಮಡಿಕೆಗಳಂತೆ ಏಳುವ ಅಲೆಗಳ ನಡುವೆ ಅರ್ಧ ಮೀಟರು ಅಂತರವಿದೆ ಎನ್ನೋಣ. ಗಂಟೆಗೆ 15 ಕಿಮೀ ವೇಗದಲ್ಲಿ ಸೆಕೆಂಡಿಗೆ ಸುಮಾರು 8.3 ಹೊಡೆತ. ಬಿಗಿಯಾಗಿ ಗಾಳಿ ತುಂಬಿದ ಟಯರು ಅನುರಣನೆಗೆ ತೀರ ಹತ್ತಿರದಲ್ಲಿದೆ. ಮೆದು ಟಯರು ಅದರಿಂದ ದೂರದಲ್ಲಿದೆ. ವೇಗ 10 ಕಿಮೀಗೆ ಇಳಿದರೆ ಹೊಡೆತಗಳೂ 5.6ಕ್ಕೆ ಇಳಿದು ಮೆದು ಟಯರು ಅನುರಣಿಸುತ್ತದೆ. ಎಲ್ಲ ವೇಗಕ್ಕೂ, ಎಲ್ಲ ದಾರಿಗೂ ಸರಿಹೊಂದುವ ಒಂದೇ ಒತ್ತಡ ಇಲ್ಲವೆಂಬುದು ಇದರಿಂದ ಸ್ಪಷ್ಟ.

ಟಯರು ಬಿಗಿಯಾದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ನಯವಾದ ಉರುಳೆಯ ಮೇಲೆ ಟಯರನ್ನು ತಿರುಗಿಸಿ ನೋಡುವ ಪ್ರಯೋಗಗಳಲ್ಲಿ ಸರಿ. ಒರಟು ದಾರಿಯಲ್ಲಿ ಪ್ರತಿ ಕಲ್ಲಿಗೂ ಇಡೀ ಭಾರ ಮೇಲೆದ್ದು ಬೀಳುತ್ತದೆ, ಆ ಶಕ್ತಿ ಸವಾರನ ಮಾಂಸಖಂಡಗಳಲ್ಲಿ ಶಾಖವಾಗಿ ವ್ಯಯವಾಗುತ್ತದೆ. ಅದನ್ನು ಉರುಳೆಯ ಪ್ರಯೋಗ ಅಳೆಯುವುದೇ ಇಲ್ಲ. ಟಯರಿನ ಎತ್ತರದ ಶೇ. 15ರಷ್ಟು ತಗ್ಗಿರಲಿ ಎಂಬ, ಫ್ರ್ಯಾಂಕ್ ಬರ್ಟೋ ಅವರ ಅಳತೆಗಳಿಂದ ಬಳಕೆಗೆ ಬಂದ ಸೂತ್ರ ಒಳ್ಳೆಯ ಆರಂಭಬಿಂದು. 55 ಮಿಮೀ ಟಯರಿಗೆ ಅದು 8 ಮಿಮೀ.

ಹೊಂದಿಸುವುದೆಂದರೇನು?

ಇಷ್ಟು ಹೇಳಿದ ಮೇಲೆ ಸಲಹೆಗಳ ಬಗೆಗಿನ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಸೈಕಲ್ ಪತ್ರಿಕೆಗಳ ಪರೀಕ್ಷಾ ವರದಿಗಳಲ್ಲಿ ಚುರುಕು, ಜೀವಂತ, ಮಂದ ಮುಂತಾದ ವಿಶೇಷಣಗಳಿಗೆ ಬರವಿಲ್ಲ. ಸೈಕಲ್ಲಿನ ಬೆಲೆ, ತೂಕ, ಹೆಸರು ಎಲ್ಲವೂ ಪರೀಕ್ಷಕನಿಗೆ ಮೊದಲೇ ಗೊತ್ತಿರುತ್ತವೆ. ಒಂದೇ ದಿನ ಹ್ಯಾಂಡಲು, ಸ್ಟೆಮ್, ಟಯರು ಮೂರನ್ನೂ ಬದಲಿಸಿ, ಸುಧಾರಣೆ ಸ್ಟೆಮ್ಮಿನದೆಂದು ಬರೆಯುವುದೂ ಉಂಟು. ಪ್ರಯೋಗಶಾಲೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ತೂಕದ ವ್ಯಾಮೋಹವನ್ನೇ ನೋಡಿ. ನಮ್ಮ ದಿಣ್ಣೆಯಲ್ಲಿ ಒಂದು ಕಿಲೋ ಕಡಿಮೆ ಮಾಡಿದರೆ 118 ನ್ಯೂಟನ್‌ನಲ್ಲಿ ಒಂದು ನ್ಯೂಟನ್ ಉಳಿಯುತ್ತದೆ, ಶೇ. 1ಕ್ಕಿಂತಲೂ ಕಡಿಮೆ. ಉರುಳು ಘರ್ಷಣೆಯ ಗುಣಾಂಕವನ್ನು 0.015ರಿಂದ 0.012ಕ್ಕೆ ಇಳಿಸಿದರೆ ಮೂರು ನ್ಯೂಟನ್ ಉಳಿಯುತ್ತದೆ, ಅದೂ ದಿಣ್ಣೆಯಲ್ಲಷ್ಟೇ ಅಲ್ಲ, ಸಮತಟ್ಟಿನಲ್ಲೂ. ಹಗುರ ಭಾಗಗಳಿಗೆ ಸಾವಿರಾರು ರೂಪಾಯಿ ಬೇಕು. ಒತ್ತಡ ಬದಲಿಸಲು ಪಂಪು ಸಾಕು.

ಪ್ರಯೋಗವನ್ನು ಯಾರು ಬೇಕಾದರೂ ಮಾಡಬಹುದು. ಚಿಕ್ಕ ಇಳಿಜಾರಿರುವ ಮಣ್ಣುದಾರಿಯಲ್ಲಿ ಒಂದು ಗೆರೆ ಎಳೆಯಿರಿ. ಪೆಡಲು ತುಳಿಯದೆ ಅಲ್ಲಿಂದ ಉರುಳಿಬಂದು ಸೈಕಲ್ಲು ಎಲ್ಲಿ ನಿಲ್ಲುತ್ತದೆಂದು ಅಳೆಯಿರಿ. ಒಂದೊಂದು ಒತ್ತಡಕ್ಕೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಐದು ಅಳತೆಗಳ ಹರಹನ್ನೂ ಬರೆದಿಡಿ. ಎರಡು ಸರಾಸರಿಗಳ ವ್ಯತ್ಯಾಸ ಆ ಹರಹಿಗಿಂತ ಕಡಿಮೆಯಿದ್ದರೆ ಏನೂ ಸಾಬೀತಾಗಿಲ್ಲವೆಂದೇ ತಿಳಿಯಿರಿ. ಗಾಳಿ ತುಂಬುವವರು ಒಬ್ಬರು, ಸವಾರಿ ಮಾಡುವವರು ಇನ್ನೊಬ್ಬರು ಆಗಿದ್ದು, ಒತ್ತಡವೆಷ್ಟೆಂದು ಸವಾರನಿಗೆ ತಿಳಿಸದಿದ್ದರೆ ಇನ್ನೂ ಒಳ್ಳೆಯದು. ಟಯರಿಗೆ ಸೀಮೆಸುಣ್ಣದ ಪುಡಿ ಬಳಿದು, ಸವಾರ ಕೂತಿರುವಾಗ ಅದರ ಅಚ್ಚನ್ನು ಕಪ್ಪು ಕಾಗದದ ಮೇಲೆ ತೆಗೆದು ಚೌಕಗಳನ್ನು ಎಣಿಸಿದರೆ ಸಂಪರ್ಕದ ವಿಸ್ತೀರ್ಣ ಸಿಗುತ್ತದೆ. ಭಾರವನ್ನು ಅದರಿಂದ ಭಾಗಿಸಿ ಪಂಪಿನ ಒತ್ತಡಮಾಪಕದೊಡನೆ ಹೋಲಿಸಬಹುದು. ಇದಕ್ಕೆ ವಿದೇಶಿ ಸೈಕಲ್ಲೇ ಬೇಕೆಂದಿಲ್ಲ. ನಮ್ಮ ಊರುಗಳ ಕಪ್ಪು ಬಣ್ಣದ, ಸರಳಿನ ಬ್ರೇಕಿನ ಹಳೆಯ ಸೈಕಲ್ಲೂ ಸಾಕು. ಅದರ ವಾಲಿದ ಹೆಡ್ ಕೋನವನ್ನೂ ಟ್ರೇಲನ್ನೂ ಅಳೆದು ಮೇಲಿನ ಸಂಖ್ಯೆಗಳ ಪಕ್ಕದಲ್ಲಿ ಬರೆದುಕೊಳ್ಳಿ.

ಫಾರ್ಗೋ ಮತ್ತು ಅದರ ದಾರಿ ಹಿಡಿದ ಸೈಕಲ್ಲುಗಳ ಬಗ್ಗೆ ನನ್ನ ತೀರ್ಮಾನ ಇಷ್ಟು. ಹ್ಯಾಂಡಲನ್ನು ಮೊದಲು ನಿಶ್ಚಯಿಸಿ ಫ್ರೇಮನ್ನು ಅದಕ್ಕೆ ತಕ್ಕಂತೆ ಎಳೆದದ್ದು ಸರಿಯಾದ ಕ್ರಮ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಗಿಡ್ಡ ಸವಾರರಿಗೆ ನ್ಯಾಯ ಸಿಕ್ಕಿಲ್ಲ. ಬಿಡಿಭಾಗಗಳ ಅನುಪಾತಗಳನ್ನು ಕಂಪನಿಗಳು ತಮ್ಮ ಅನುಕೂಲಕ್ಕೆ ಬದಲಿಸಿದ್ದರಿಂದ ಆದ ಗೊಂದಲದ ಹೊಣೆ ಈ ವಿನ್ಯಾಸದ್ದಲ್ಲವಾದರೂ ಹೊರೆ ಬಿದ್ದದ್ದು ಪ್ರವಾಸಿಯ ಮೇಲೆ. ಹೊಂದಿಸುವವರಿಗೆ ಕ್ರಮ ಹೀಗಿರಲಿ: ಮೊದಲು ಕೆಳ ಬಾಗು ಕೈಗೆ ನಿಲುಕುವಂತೆ ಎತ್ತರ, ಆಮೇಲೆ ಬ್ರೇಕಿನ ತಂತಿಯ ಅಳತೆ, ನಂತರ ಅತಿ ಕಡಿದಾದ ದಿಣ್ಣೆಗೆ ತಕ್ಕ ಗೇರು, ಕೊನೆಗೆ ದಾರಿಗೆ ತಕ್ಕ ಗಾಳಿ. ಪ್ರತಿ ಹಂತದಲ್ಲೂ ಒಂದೇ ಒಂದು ಬದಲಾವಣೆ ಮಾಡಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ.